ಫ್ಲೈ ಫಿಶಿಂಗ್ ಶುರು ಮಾಡುವವರಿಗೆ: ಯಾವ ರಾಡ್, ಯಾವ ನೀರು, ಮೊದಲು ಎಲ್ಲಿ?

ಹೊಸಗಾಳ

ಎಲ್ಲರಿಗೂ ನಮಸ್ಕಾರ. ಸಾಮಾನ್ಯ ಗಾಳ ಹಾಕಿ ಅಭ್ಯಾಸವಿದೆ. ಎರೆಹುಳ, ಬೆಂಡು, ಸೀಸದ ಗುಂಡು, ಅದೆಲ್ಲ ಗೊತ್ತು. ಈಗ ಫ್ಲೈ ಫಿಶಿಂಗ್ ಕಲಿಯಬೇಕು ಅಂತ ಆಸೆ. ವಿಡಿಯೊ ನೋಡಿದಷ್ಟೂ ತಲೆ ಕೆಡುತ್ತಿದೆ. ಒಬ್ಬ 4 ವೇಟ್ ತಗೋ ಅಂತಾನೆ, ಇನ್ನೊಬ್ಬ 6 ಅಂತಾನೆ. ಬ್ಯಾಕಿಂಗ್, ಲೈನ್, ಲೀಡರ್, ಟಿಪೆಟ್ ಅಂತ ಒಂದು ದಾರಕ್ಕೆ ನಾಲ್ಕು ಹೆಸರು.

ನನ್ನದು ಎರಡೇ ಪ್ರಶ್ನೆ. ಮೊದಲು ಏನೇನು ಬೇಕು? ನಿಮಗೆಲ್ಲ ತುಂಬಾ ಇಷ್ಟವಾದ ಜಾಗ ಯಾವುದು, ಹೊಸಬರು ನೇರ ಅಲ್ಲಿಗೇ ಹೋಗಬಹುದಾ?

ಮಿಂಚುಳ್ಳಿ

ಮೊದಲು ಒಂದು ವಿಷಯ ತಲೆಗೆ ಹೋಗಲಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ನಿಮ್ಮ ಹಳೆ ಗಾಳದಲ್ಲಿ ಸೀಸ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಇಲ್ಲಿ ಉಲ್ಟಾ. ಫ್ಲೈ ಅಂದರೆ ಹುಳ ಅಥವಾ ಮರಿಮೀನಿನ ಹಾಗೆ ಕಟ್ಟಿದ ನಕಲಿ, ಅದಕ್ಕೆ ತೂಕವೇ ಇಲ್ಲ. ಒಂದಿಷ್ಟು ಗರಿ, ಒಂದಿಷ್ಟು ಕೂದಲು, ಒಂದು ಸಣ್ಣ ಕೊಕ್ಕೆ, ಅಷ್ಟೇ. ಎಷ್ಟು ಜೋರಾಗಿ ಬೀಸಿದರೂ ಕಾಲಬುಡದಲ್ಲೇ ಬೀಳುತ್ತದೆ. ಅದಕ್ಕೇ ತೂಕವನ್ನು ಲೈನಿಗೆ ಕೊಟ್ಟಿದ್ದಾರೆ. ನೀವು ಎಸೆಯುವುದು ಲೈನನ್ನು, ಫ್ಲೈ ಸುಮ್ನೆ ಜೊತೆಗೆ ಹೋಗುತ್ತದೆ.

ಆ ‘ವೇಟ್’ ನಂಬರ್ ಕೂಡ ಲೈನಿನ ತೂಕದ್ದೇ. ಮೊದಲ 30 ಅಡಿ ಲೈನ್ ಎಷ್ಟು ತೂಗುತ್ತದೆ ಅನ್ನುವ ಲೆಕ್ಕ. 5 ವೇಟ್ ಅಂದರೆ 140 ಗ್ರೇನ್, ಸುಮಾರು 9 ಗ್ರಾಂ. 8 ವೇಟ್ ಅಂದರೆ 210 ಗ್ರೇನ್. ರಾಡ್ ಮೇಲೂ ಅದೇ ನಂಬರ್ ಇರುತ್ತದೆ. ಎರಡೂ ಹೊಂದಬೇಕು.

ಶುರುವಿಗೆ 9 ಅಡಿಯ 5 ವೇಟ್ ರಾಡ್ ತಗೊಳ್ಳಿ. ಅದಕ್ಕೆ ‘ಡಬ್ಲ್ಯುಎಫ್5ಎಫ್’ ಅಂತ ಬರೆದಿರುವ ತೇಲುವ ಲೈನ್. ರೀಲಿಗೆ ಮೊದಲು ಬ್ಯಾಕಿಂಗ್ ಸುತ್ತಬೇಕು. ಅದು ತೆಳ್ಳನೆಯ ಹೆಣೆದ ದಾರ, ದೊಡ್ಡ ಮೀನು ಲೈನನ್ನೆಲ್ಲ ಎಳೆದುಕೊಂಡು ಓಡಿದಾಗ ಬೇಕಾಗುತ್ತದೆ. ಅದರ ಮೇಲೆ ಬಣ್ಣದ ದಪ್ಪ ಲೈನ್. ಲೈನಿನ ತುದಿಗೆ 9 ಅಡಿ ಲೀಡರ್, ಬುಡದಲ್ಲಿ ದಪ್ಪ, ಹೋಗ್ತಾ ಹೋಗ್ತಾ ಸಣ್ಣ. ಕೊನೆಯಲ್ಲಿ ಟಿಪೆಟ್. ಫ್ಲೈ ಬದಲಿಸಿದಾಗಲೆಲ್ಲ ಸ್ವಲ್ಪ ದಾರ ಕತ್ತರಿಸಿ ಹೋಗುತ್ತದಲ್ಲ, ಖರ್ಚಾಗುವುದು ಟಿಪೆಟ್, ಲೀಡರ್ ಹಾಗೇ ಉಳಿಯುತ್ತದೆ.

ಕೆಸರುಕಾಲು

ಮಿಂಚುಳ್ಳಿ ಹೇಳಿದ 5 ವೇಟ್ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯುವವರ ಮಾತು. ಬಯಲು ಕೆರೆ, ಗಾಳಿ ಜಾಸ್ತಿ, ಬಾಸ್ ಥರದ ಮೀನು ಅಂದರೆ 6 ಒಳ್ಳೆಯದು. ಸಮುದ್ರದ ಅಂಚಿಗೆ 8. ಎರಡು ಹೆಜ್ಜೆಗೆ ದಾಟುವಂಥ ತೊರೆಗೆ 3 ಸಾಕು. ನಿಮ್ಮ ಹತ್ತಿರ ಯಾವ ನೀರಿದೆ ಅಂತ ಮೊದಲು ನೋಡಿ, ಆಮೇಲೆ ರಾಡ್. ಎಲ್ಲರೂ ರಾಡ್ ತಂದು ಆಮೇಲೆ ನೀರು ಹುಡುಕುತ್ತಾರೆ.

ದುಡ್ಡಿನ ವಿಷಯ. ಸಣ್ಣ ಮೀನಿಗೆ ರೀಲ್ ಅಂದರೆ ಲೈನ್ ಸುತ್ತಿಡುವ ಡಬ್ಬಿ, ಅದಕ್ಕೆ ಜಾಸ್ತಿ ಸುರಿಯಬೇಡಿ. ಲೈನ್ ಮಾತ್ರ ಒಳ್ಳೆಯದಿರಲಿ. ಸಾಧಾರಣ ರಾಡಿಗೆ ಒಳ್ಳೆ ಲೈನ್ ಹಾಕಿದರೆ ಎಸೆತ ಬರುತ್ತದೆ. ದುಬಾರಿ ರಾಡಿಗೆ ಕೆಟ್ಟ ಲೈನ್ ಹಾಕಿದರೆ ಯಾರಿಗೂ ಬರುವುದಿಲ್ಲ.

ಇನ್ನೊಂದು, ಪೋಲರೈಸ್ಡ್ ಕನ್ನಡಕ ಬಿಡಬೇಡಿ. ನೀರಿನ ಮೇಲಿನ ಹೊಳಪು ಹೋಗಿ ಒಳಗಿನ ಮೀನು ಕಾಣುತ್ತದೆ ಅನ್ನುವುದು ಒಂದು. ಕಣ್ಣಿನ ಪಕ್ಕದಲ್ಲೇ ಕೊಕ್ಕೆ ಹಾರುವ ಆಟ ಇದು, ಅದು ಇನ್ನೊಂದು. ತಲೆಗೆ ಟೋಪಿಯೂ ಇರಲಿ.

ಬೆಳ್ಳಕ್ಕಿ

ಟಿಪೆಟ್ ನಂಬರ್ ಬಗ್ಗೆ ಯಾರೂ ಹೇಳಲಿಲ್ಲ. 4ಎಕ್ಸ್, 5ಎಕ್ಸ್ ಅಂತ ಬರೆದಿರುತ್ತದೆ. 11ರಲ್ಲಿ ಆ ನಂಬರ್ ಕಳೆಯಿರಿ. ಬಂದದ್ದು ಇಂಚಿನ ಸಾವಿರದ ಲೆಕ್ಕದಲ್ಲಿ ದಾರದ ದಪ್ಪ. 5ಎಕ್ಸ್ ಅಂದರೆ 0.006 ಇಂಚು. ಯಾವ ಫ್ಲೈಗೆ ಯಾವುದು ಅಂತ ಗೊತ್ತಾಗದಿದ್ದರೆ ಫ್ಲೈ ಸೈಜನ್ನು 3ರಿಂದ ಭಾಗಿಸಿ. 16ನೇ ಸೈಜಿಗೆ 5ಎಕ್ಸ್. 12ಕ್ಕೆ 4ಎಕ್ಸ್. ಅಂದಾಜಿಗೆ ಇಷ್ಟು ಸಾಕು.

ಗಂಟು ಎರಡು ಕಲಿತರೆ ಬಚಾವ್. ಫ್ಲೈ ಕಟ್ಟಲು ಇಂಪ್ರೂವ್ಡ್ ಕ್ಲಿಂಚ್, ಲೀಡರಿಗೆ ಟಿಪೆಟ್ ಸೇರಿಸಲು ಸರ್ಜನ್ಸ್ ನಾಟ್. ಬಿಗಿಯುವ ಮೊದಲು ಗಂಟನ್ನು ಎಂಜಲಲ್ಲಿ ಒದ್ದೆ ಮಾಡಿ. ಒಣಗಂಟು ಬಿಗಿದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಮೀನು ಸಿಕ್ಕಾಗ ತುಂಡಾಗುವುದೂ ಅಲ್ಲೇ.

ಹೊಸಗಾಳ

ನಂಬರ್ ಹೆಚ್ಚಾದರೆ ದಾರ ಸಣ್ಣ, ಕೊಕ್ಕೆಯೂ ಸಣ್ಣ, ಆದರೆ ರಾಡ್ ಮಾತ್ರ ದಪ್ಪ. ಯಾರಪ್ಪಾ ಈ ಲೆಕ್ಕ ಮಾಡಿದ್ದು!

ಸರಿ, ಫ್ಲೈ ಯಾವುದು? ನೂರಾರು ಇವೆ. ಡಬ್ಬಿ ತುಂಬಾ ತಗೊಳ್ಳಬೇಕಾ?

ನೀರುನಾಯಿ

ಬೇಡವೇ ಬೇಡ. ನಾಲ್ಕು ಥರ ಸಾಕು.

ಮೇಲೆ ತೇಲುವುದಕ್ಕೆ ಆಡಮ್ಸ್. 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಅನ್ನುವವರು ಕಟ್ಟಿದ್ದು. ಬೂದು ಮೈ, ಬೂದು ರೆಕ್ಕೆ. ಯಾವ ಹುಳದ ನಕಲು ಅಂತ ಕೇಳಿದರೆ ನಿರ್ದಿಷ್ಟವಾಗಿ ಯಾವುದೂ ಅಲ್ಲ, ಮೀನಿಗೆ ಮಾತ್ರ ತಾನು ಬೆಳಗ್ಗೆಯಿಂದ ತಿನ್ನುತ್ತಿರುವ ಹುಳದ ಹಾಗೇ ಕಾಣುತ್ತದೆ. ಜೊತೆಗೆ ಎಲ್ಕ್ ಹೇರ್ ಕ್ಯಾಡಿಸ್. ಅದಕ್ಕೆ ಕಟ್ಟುವ ಎಲ್ಕ್ ಜಿಂಕೆಯ ಕೂದಲು ಟೊಳ್ಳು, ಹಾಗಾಗಿ ಜೋರು ನೀರಲ್ಲೂ ಮುಳುಗುವುದಿಲ್ಲ. ಕಣ್ಣಿಗೂ ಚೆನ್ನಾಗಿ ಕಾಣುತ್ತದೆ, ಹೊಸಬರಿಗೆ ಅದು ದೊಡ್ಡ ಉಪಕಾರ.

ನೀರೊಳಗೆ ಫೆಸೆಂಟ್ ಟೇಲ್ ನಿಂಫ್. ನಿಂಫ್ ಅಂದರೆ ರೆಕ್ಕೆ ಬರುವ ಮೊದಲು ನೀರೊಳಗೇ ಇರುವ ಮರಿಹುಳ. ಇಂಗ್ಲೆಂಡಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಇದನ್ನು ಕಟ್ಟಿದ್ದು. ನೂಲೇ ಇಲ್ಲ. ಫೆಸೆಂಟ್ ಹಕ್ಕಿಯ ಬಾಲದ ಎಳೆ, ತೆಳು ತಾಮ್ರದ ತಂತಿ, ಅಷ್ಟೇ. ತಂತಿಯೇ ನೂಲು, ತಂತಿಯೇ ತೂಕ. ಆ ಮನುಷ್ಯ ದಿನವಿಡೀ ನೀರು ನೋಡುತ್ತಿದ್ದವರು, ನಿಂಫ್ ಈಜುವಾಗ ಕಾಲು ಮಡಚಿಕೊಳ್ಳುತ್ತದೆ ಅಂತ ಕಂಡು ತಮ್ಮ ಫ್ಲೈಗೆ ಕಾಲನ್ನೇ ಇಡಲಿಲ್ಲ.

ಕೊನೆಯದು ವೂಲಿ ಬಗ್ಗರ್. ಕಪ್ಪು ಅಥವಾ ಆಲಿವ್ ಬಣ್ಣ, ಉದ್ದ ಬಾಲ. ಎಳೆದರೆ ಮರಿಮೀನು, ಬಿಟ್ಟರೆ ಜಿಗಣೆ. ಏನೂ ಕಚ್ಚದ ದಿನಕ್ಕೆ ಇದು.

ಹಳೇರೀಲ್

ನಾನಾದರೆ ಹೊಸಬರಿಗೆ ಡ್ರೈ ಫ್ಲೈ, ಅಂದರೆ ಮೇಲೆ ತೇಲುವುದನ್ನು ಮಾತ್ರ ಕೊಡುತ್ತೇನೆ. ಮೀನು ಮೇಲೆ ಬಂದು ತೆಗೆದುಕೊಳ್ಳುವುದು ಕಣ್ಣಿಗೆ ಕಾಣಬೇಕು. ನಿಂಫ್ ಕಟ್ಟಿ, ಮೇಲೊಂದು ಇಂಡಿಕೇಟರ್ ತೇಲಿಬಿಟ್ಟು ಕೂತರೆ ಅದು ಹಳೆ ಬೆಂಡಿನ ಗಾಳವೇ ಅಲ್ವಾ? ಅದಕ್ಕೆ ಇಷ್ಟು ದೂರ ಯಾಕೆ ಬರಬೇಕು?

ನೀರುನಾಯಿ

ಈ ಜಗಳ ನಿಮಗಿಂತಲೂ ಹಳೆಯದು ಹಳೇರೀಲ್ ಅವರೇ. ಇಂಗ್ಲೆಂಡಿನಲ್ಲಿ ಈ ಆಟದ ಬಗ್ಗೆ ಪುಸ್ತಕ ಬರೆದ ಹ್ಯಾಲ್ಫರ್ಡ್ ಡ್ರೈ ಫ್ಲೈ ಒಂದೇ ಸರಿ ಅಂದರು, ಅಲ್ಲಿನವರೇ ಆದ ಸ್ಕ್ಯೂಸ್ ಇಚೆನ್ ಹೊಳೆಯಲ್ಲಿ ನಿಂಫ್ ಹಾಕಿದರು. ಹ್ಯಾಲ್ಫರ್ಡ್ ತೀರಿಕೊಂಡು ಎರಡು ದಶಕ ದಾಟಿದ ಮೇಲೂ, 1938ರಲ್ಲಿ, ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಇದರ ಮೇಲೇ ಚರ್ಚೆ ಇಟ್ಟರು. ಸ್ಕ್ಯೂಸ್‌ಗೆ ಆಗ 80ರ ಹತ್ತಿರ.

ಟ್ರೌಟ್ ಬಹುಪಾಲು ತಿನ್ನುವುದು ನೀರೊಳಗೇ. ಮೇಫ್ಲೈ ಅನ್ನುವ ಹುಳ ನೋಡಿ. ತಿಂಗಳುಗಟ್ಟಲೆ ಕಲ್ಲಿನ ಅಡಿ ನಿಂಫ್ ಆಗಿ ಇರುತ್ತದೆ. ರೆಕ್ಕೆ ಬಂದ ಮೇಲೆ ಬದುಕುವುದು ಒಂದೆರಡು ದಿನ, ಕೆಲವು ಜಾತಿ ಕೆಲವೇ ಗಂಟೆ. ಆ ಸ್ವಲ್ಪ ಹೊತ್ತಿಗೆ ಕಾದು ಕೂತರೆ ಹೊಸಬರು ಖಾಲಿ ಕೈಯಲ್ಲಿ ಮನೆಗೆ ಹೋಗುತ್ತಾರೆ, ವಾಪಸ್ ಬರುವುದಿಲ್ಲ.

ಹಳೇರೀಲ್

ಖಾಲಿ ಕೈ ಆದರೂ ಪರವಾಗಿಲ್ಲ ಅನ್ನುವವರೇ ಈ ಆಟದಲ್ಲಿ ಉಳಿಯುವುದು. ಇರಲಿ, ಎರಡೂ ಕಲಿಯಲಿ ಬಿಡಿ.

ಹೊಸಗಾಳ

ರಾಡ್ ಬಂತು! 5 ವೇಟೇ. ಹುಲ್ಲಿನ ಮೇಲೆ ಎಸೆದು ನೋಡುತ್ತಿದ್ದೇನೆ. ಹಿಂದಿನಿಂದ ಮುಂದಕ್ಕೆ ತರುವಾಗ ಚಟೀರ್ ಅಂತ ಸದ್ದು. ಲೈನ್ ಮುಂದೆ ಗುಡ್ಡೆಯಾಗಿ ಬೀಳುತ್ತದೆ. ಬಲ ಸಾಲದಾ?

ನೀರುನಾಯಿ

ಬಲ ಜಾಸ್ತಿ ಆಗಿದೆ, ತಾಳ್ಮೆ ಕಮ್ಮಿ ಆಗಿದೆ. ಚಟೀರ್ ಅಂದರೆ ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೀವು ಮುಂದಕ್ಕೆ ಎಳೆದಿರಿ ಅಂತ. ನೀರಿನ ಮೇಲಾಗಿದ್ದರೆ ಆ ಸದ್ದಿಗೆ ಫ್ಲೈ ಕಿತ್ತು ಹೋಗಿರುತ್ತಿತ್ತು. ಹುಲ್ಲಿನ ಮೇಲೆ ಕೊಕ್ಕೆ ಇಲ್ಲದೆ ಉಣ್ಣೆ ಎಳೆಯ ತುಂಡು ಕಟ್ಟಿ. ಸಿಮೆಂಟ್ ನೆಲದ ಮೇಲೆ ಮಾತ್ರ ಎಸೆಯಬೇಡಿ, ಲೈನಿನ ಮೈ ತರಚಿಹೋಗುತ್ತದೆ.

ಹೀಗೆ ಮಾಡಿ. ಹೊರಗೆ 20–25 ಅಡಿ ಲೈನ್ ಇರಲಿ, ಜಾಸ್ತಿ ಬೇಡ. ಹಿಡಿಯ ಮೇಲೆ ಹೆಬ್ಬೆರಳು. ರಾಡಿನ ತುದಿ ನೆಲದ ಹತ್ತಿರ. ಲೈನ್ ನೇರ, ಸಡಿಲ ಇರಬಾರದು. ಅಲ್ಲಿಂದ ನಿಧಾನವಾಗಿ ಎತ್ತಿ, ಎತ್ತುತ್ತಾ ವೇಗ ಕೊಡಿ. ಹೆಬ್ಬೆರಳಿನ ಉಗುರು ಕಿವಿಯ ಮುಂದೆ ಬಂತು ಅನ್ನುವಾಗ ಗಕ್ಕನೆ ನಿಲ್ಲಿಸಿ. ಆ ನಿಲ್ಲಿಸುವುದೇ ಎಸೆತ. ಒದ್ದೆ ಕೈ ಕೊಡವಿದರೆ ಕೈ ನಿಂತ ಮೇಲೆ ನೀರು ಹಾರುತ್ತದಲ್ಲ, ಹಾಗೆ. ರಾಡ್ ಬಾಗಿ ನೇರವಾಗುವಾಗ ಲೈನನ್ನು ತಾನೇ ಒಗೆಯುತ್ತದೆ. ಕೈ ನಿಲ್ಲದಿದ್ದರೆ ಬಲವೆಲ್ಲ ಗಾಳಿಗೆ ಹೋಗುತ್ತದೆ, ಲೈನ್ ಬೆನ್ನ ಹಿಂದೆ ನೆಲಕ್ಕೆ ಬೀಳುತ್ತದೆ.

ನಿಲ್ಲಿಸಿದ ಮೇಲೆ ತಲೆ ತಿರುಗಿಸಿ ನೋಡಿ. ನಾಚಿಕೆ ಬೇಡ, ಬಲ್ಲವರೂ ನೋಡುತ್ತಾರೆ. ಸುರುಳಿ ಬಿಚ್ಚುತ್ತಾ ಬಿಚ್ಚುತ್ತಾ ಅಡ್ಡ ಮಲಗಿಸಿದ ‘ಜೆ’ ಅಕ್ಷರದಷ್ಟು ಉಳಿದಾಗ ಮುಂದಕ್ಕೆ ತನ್ನಿ. ಲೈನ್ ಉದ್ದವಾದಷ್ಟೂ ಕಾಯುವುದೂ ಜಾಸ್ತಿ. ಮಣಿಕಟ್ಟು ತುಂಬಾ ಬಗ್ಗುತ್ತಿದ್ದರೆ ರಾಡಿನ ಬುಡವನ್ನು ಅಂಗಿಯ ತೋಳಿನೊಳಗೆ ಸಿಕ್ಕಿಸಿ ಅಭ್ಯಾಸ ಮಾಡಿ, ತಾನಾಗಿ ಹದಕ್ಕೆ ಬರುತ್ತದೆ.

ಹಿಂದೆ ಮರ ಇದ್ದರೆ ರೋಲ್ ಕಾಸ್ಟ್, ಅಂದರೆ ಲೈನನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸುವ ಎಸೆತ. ಅದನ್ನು ಹುಲ್ಲಿನ ಮೇಲೆ ಕಲಿಯಲಾಗದು, ಲೈನನ್ನು ನೀರು ಹಿಡಿದುಕೊಂಡರೆ ಮಾತ್ರ ರಾಡ್ ಬಾಗುತ್ತದೆ. ಅಂದಹಾಗೆ ದೂರ ಎಸೆಯುವ ಹುಚ್ಚು ಬೇಡ. ಟ್ರೌಟ್ ಹೊಳೆಯಲ್ಲಿ ಹೆಚ್ಚಿನ ಮೀನು 30 ಅಡಿಯೊಳಗೇ ಸಿಗುತ್ತದೆ. ಹೊಸಬರು ಮೊಣಕಾಲವರೆಗೆ ಇಳಿದು ಆಚೆ ದಡಕ್ಕೆ ಎಸೆಯುತ್ತಾರೆ, ಮೀನೆಲ್ಲ ಅವರು ನಿಂತ ಜಾಗದಲ್ಲೇ ಇದ್ದಿರುತ್ತದೆ.

ಬೆಳ್ಳಕ್ಕಿ

ಎಸೆತಕ್ಕಿಂತ ಫ್ಲೈ ಬಿದ್ದ ಮೇಲಿನದೇ ಕಷ್ಟ. ಹೊಳೆಯ ನಡುವೆ ಸೆಳೆತ ಜೋರು, ಅಂಚಿನಲ್ಲಿ ನಿಧಾನ. ನಿಮ್ಮ ಲೈನ್ ಜೋರು ನೀರಿನ ಮೇಲೆ ಬಿದ್ದರೆ ಅದು ಬೇಗ ಹೋಗಿ ಫ್ಲೈಯನ್ನು ದರದರ ಎಳೆಯುತ್ತದೆ. ಫ್ಲೈ ಹಿಂದೆ ಸಣ್ಣ ಗೆರೆ ಏಳುತ್ತದೆ. ನಿಜವಾದ ಹುಳ ಹಾಗೆ ಹೋಗುವುದಿಲ್ಲ ಅಂತ ಮೀನಿಗೆ ಗೊತ್ತು. ಲೈನ್ ಬಿದ್ದ ತಕ್ಷಣ ರಾಡಿನ ತುದಿಯಿಂದ ಅದನ್ನು ಎತ್ತಿ ಮೇಲ್ಹರಿವಿನ ಕಡೆ ಹಾಕಿ. ಇದಕ್ಕೆ ಮೆಂಡಿಂಗ್ ಅಂತಾರೆ. ಫ್ಲೈ ಅಲುಗದ ಹಾಗೆ ಲೈನ್ ಮಾತ್ರ ಎತ್ತಬೇಕು. ಸಿಗುವ ಮೂರು ನಾಲ್ಕು ಸೆಕೆಂಡ್ ಸಹಜ ತೇಲಾಟದಲ್ಲೇ ಮೀನು ಬರುತ್ತದೆ.

ಹೊಸಗಾಳ

ಕಾದು ಎಳೆದೆ, ಚಟೀರ್ ನಿಂತಿತು. ಈಗ ಜಾಗ ಹೇಳಿ. ಅಮೆರಿಕದ ಮ್ಯಾಡಿಸನ್ ಹೊಳೆಯ ಬಗ್ಗೆ ತುಂಬಾ ಕೇಳಿದ್ದೇನೆ.

ಹಳೇರೀಲ್

ಮ್ಯಾಡಿಸನ್ ಚೆಂದವೇ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಒಳಗೆ ಫೈರ್‌ಹೋಲ್, ಗಿಬ್ಬನ್ ಎರಡೂ ಹೊಳೆ ಸೇರಿ ಹುಟ್ಟುತ್ತದೆ. ಕೆಳಗೆ 1959ರ ಭೂಕಂಪದಲ್ಲಿ ಗುಡ್ಡ ಜರಿದು ಕ್ವೇಕ್ ಲೇಕ್ ಆಯಿತು. ಅದರ ಕೆಳಗಿನ ಹರಿವೆಲ್ಲ ಕಲ್ಲು ಕಲ್ಲು, ನೊರೆ ನೊರೆ. ಮೊಂಟಾನದಲ್ಲಿ 1985ರ ಕಾನೂನು ಜನರ ಪರ ಇದೆ. ಸಾರ್ವಜನಿಕ ಜಾಗದಿಂದ ನೀರಿಗೆ ಇಳಿದರೆ, ಎರಡೂ ಕಡೆ ಖಾಸಗಿ ಜಮೀನಿದ್ದರೂ ದಡದ ನೀರಿನ ಗುರುತಿನೊಳಗೆ ನಡೆಯಬಹುದು.

ನನಗೆ ಇಷ್ಟ ಮಾತ್ರ ಫೈರ್‌ಹೋಲ್. ಪಕ್ಕದಲ್ಲೇ ಬಿಸಿನೀರಿನ ಬುಗ್ಗೆಗಳು ಹೊಗೆ ಬಿಡುತ್ತಿರುತ್ತವೆ, ಆ ನೀರು ಹೊಳೆಗೇ ಇಳಿಯುತ್ತದೆ, ನಡುವೆ ಟ್ರೌಟ್ ಏಳುತ್ತದೆ. ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಬೇಕು. ನಡುಬೇಸಿಗೆಯಲ್ಲಿ ನೀರು ಬಿಸಿಯಾಗಿ ಮೀನು ತಣ್ಣನೆಯ ಉಪಹೊಳೆಗಳ ಬಾಯಿಗೆ ಸೇರಿಕೊಳ್ಳುತ್ತದೆ.

ಬೆಳ್ಳಕ್ಕಿ

ನನ್ನ ಓಟು ಇಂಗ್ಲೆಂಡಿನ ಟೆಸ್ಟ್ ಹೊಳೆಗೆ. ಮಳೆನೀರು ಸುಣ್ಣಕಲ್ಲಿನೊಳಗೆ ಇಂಗಿ, ಸೋಸಿ, ವರ್ಷವಿಡೀ ಹೆಚ್ಚುಕಮ್ಮಿ ಒಂದೇ ತಂಪಿನಲ್ಲಿ ಬುಗ್ಗೆಯಾಗಿ ಬರುತ್ತದೆ. ತಳದ ಕಳೆ ಎಳೆ ಎಳೆಯಾಗಿ ಕಾಣುವಷ್ಟು ತಿಳಿ. ನಿಮಗೆ ಮೀನು ಕಂಡರೆ ಮೀನಿಗೆ ನೀವು ಮೊದಲೇ ಕಂಡಿರುತ್ತೀರಿ. ಬಹುತೇಕ ಭಾಗ ಖಾಸಗಿ. ಮೊದಲೇ ದಿನದ ಟಿಕೆಟ್ ಮಾಡಿಸಬೇಕು, ಎಷ್ಟೋ ಕಡೆ ಮೇಲ್ಹರಿವಿಗೆ ಡ್ರೈ ಫ್ಲೈ ಮಾತ್ರ ಅಂತ ನಿಯಮ. ಹಳೇರೀಲ್ ಅವರಿಗೆ ಸ್ವರ್ಗ.

ಕೆಸರುಕಾಲು

ನನಗೆ ನ್ಯೂಜಿಲೆಂಡ್. ಅಲ್ಲಿ ಟ್ರೌಟ್ ಮೂಲದ್ದಲ್ಲ. 1864ರಲ್ಲಿ ಮಂಜುಗಡ್ಡೆಯಲ್ಲಿಟ್ಟು ಇಂಗ್ಲೆಂಡಿನಿಂದ ಹಡಗಿನಲ್ಲಿ ಮೊಟ್ಟೆ ಟಾಸ್ಮೇನಿಯಾಕ್ಕೆ ಬಂತು, 1867ರಲ್ಲಿ ಅಲ್ಲಿಂದ ನ್ಯೂಜಿಲೆಂಡಿಗೆ. ಮಟೌರಾದಲ್ಲಿ ಬ್ರೌನ್ ಟ್ರೌಟ್, ಮೇಫ್ಲೈ ಎದ್ದ ಸಂಜೆ ನೋಡಬೇಕು. ಉತ್ತರ ದ್ವೀಪದಲ್ಲಿ ಟೊಂಗರೀರೋ. ಚಳಿಗಾಲದಲ್ಲಿ ಟಾಪೋ ಸರೋವರದ ರೇನ್‌ಬೋ ಟ್ರೌಟ್ ಮೊಟ್ಟೆಯಿಡಲು ಹೊಳೆ ಹತ್ತುತ್ತದೆ. ಬೇರೆಯವರು ಒಳಗೆ ಬೆಚ್ಚಗೆ ಕೂತಿರುವಾಗ ನೀವು ಸೊಂಟದವರೆಗೆ ನೀರಲ್ಲಿ ನಿಲ್ಲಬೇಕು.

ಹಿಮಾಲಯದ ಲಿಡ್ಡರ್, ತೀರ್ಥನ್ ಹೊಳೆಗಳಲ್ಲೂ ಬ್ರೌನ್ ಟ್ರೌಟ್ ಇದೆ. ಅದೂ ಹೊರಗಿಂದ ತಂದು ಬಿಟ್ಟ ವಂಶವೇ. ಸೆಳೆತ ಜೋರು, ಬಂಡೆ ಜಾಸ್ತಿ, ಬಂಡೆಯ ಹಿಂದಿನ ನಿಂತ ನೀರಿನಲ್ಲಿ ಮೀನು. ಎಸೆತ ಚಿಕ್ಕದಿದ್ದರೂ ನಡೆಯುತ್ತದೆ. ಪರ್ಮಿಟ್ ಮಾತ್ರ ಬೇಕೇ ಬೇಕು.

ನೀರುನಾಯಿ

ನ್ಯೂ ಮೆಕ್ಸಿಕೋದ ಸ್ಯಾನ್ ಹ್ವಾನ್ ಬಿಟ್ಟರೆ ಹೇಗೆ? ನವಾಹೋ ಅಣೆಕಟ್ಟಿನ ಆಳದಿಂದ ಬರುವ ತಣ್ಣೀರು, ಹಾಗಾಗಿ ಸುತ್ತ ಮರುಭೂಮಿ, ನಡುವೆ ಟ್ರೌಟ್. ಆದರೆ ಅಲ್ಲಿನ ಹುಳ ಮಿಡ್ಜ್, ತೀರಾ ಪುಟ್ಟ ನೊಣ. 22, 24, 26ನೇ ಸೈಜಿನ ಫ್ಲೈ ಕಟ್ಟಬೇಕು. ಕೊಕ್ಕೆಯ ಕಣ್ಣಿಗೆ ದಾರ ಪೋಣಿಸುವುದರೊಳಗೆ ಬೆಳಗಾಗುತ್ತದೆ.

ಮಿಂಚುಳ್ಳಿ

ಎಲ್ಲರೂ ಪ್ರಪಂಚ ಸುತ್ತಿಸಿದಿರಿ. ಪಾಪ, ಹೊಸಗಾಳ ಕೇಳಿದ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಹೊಸಬರು ಅಲ್ಲಿಗೆ ಹೋಗಬಹುದಾ? ನನ್ನ ಉತ್ತರ: ಈಗಲೇ ಬೇಡ.

ಹೆಸರಾದ ಹೊಳೆಯ ಮೀನು ದಿನವೂ ಹತ್ತಾರು ಫ್ಲೈ ನೋಡಿರುತ್ತದೆ. ಅಲ್ಲಿ ನೀವು ಕಲಿಯುವುದಕ್ಕೆ ಏನೂ ಇಲ್ಲ, ಯಾಕೆಂದರೆ ಏನೂ ಕಚ್ಚುವುದಿಲ್ಲ. ಕಚ್ಚದಿದ್ದಾಗ ತಪ್ಪು ಎಸೆತದ್ದಾ, ಫ್ಲೈದಾ, ತೇಲಾಟದ್ದಾ ಅಂತ ಗೊತ್ತಾಗುವುದೂ ಇಲ್ಲ. ಹೊಸಬರಿಗೆ ಬೇಕಾದದ್ದು ಹಸಿದ, ದಡ್ಡ, ಸಣ್ಣ ಮೀನು. ಬ್ಲೂಗಿಲ್ ಥರದ್ದು ತುಂಬಿರುವ ಕೆರೆ. ಹಿಂದೆ ಬಯಲು, ಮುಂದೆ ನಿಂತ ನೀರು. ಸೆಳೆತ ಇಲ್ಲದ್ದರಿಂದ ಮೆಂಡಿಂಗ್ ತಲೆನೋವಿಲ್ಲ. ಒಂದು ಸಂಜೆಯಲ್ಲಿ ಎಷ್ಟೋ ಸಲ ಕಚ್ಚುತ್ತದೆ. ಗಂಟು, ಎಳೆತ, ಮೀನು ಬಿಡಿಸುವುದು, ಎಲ್ಲ ಅಲ್ಲೇ ಕೈಗೆ ಕೂರುತ್ತದೆ. ಆಮೇಲೆ ಸಣ್ಣ ತೊರೆ. ಅಲ್ಲಿನ ಟ್ರೌಟ್ ಗೇಣುದ್ದ ಇರಬಹುದು, ಆದರೆ ಬೇಸಿಗೆ ಚಿಕ್ಕದು, ಊಟ ಕಮ್ಮಿ, ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಆ ನಂತರ ಮ್ಯಾಡಿಸನ್, ಟೆಸ್ಟ್ ಎಲ್ಲ.

ನನ್ನ ಇಷ್ಟದ ಜಾಗವೂ ಅಂಥದೇ ಒಂದು ತೊರೆ. ಹೆಸರು ಹೇಳುವುದಿಲ್ಲ, ಕೇಳಬೇಡಿ.

ಹಳೇರೀಲ್

ಇದಕ್ಕೆ ನಾನೂ ಸೈ. ಹೆಸರು ಹೇಳದಿದ್ದದ್ದಕ್ಕೂ ಸೈ.

ಕೆಸರುಕಾಲು

ನೀರಿಗೆ ಇಳಿಯುವ ಮೊದಲು ಒಂದೆರಡು ಮಾತು. ವೇಡರ್ (ನೀರಿಗಿಳಿಯಲು ಹಾಕುವ, ನೀರು ಒಳಬಿಡದ ಉಡುಪು) ಹಾಕಿದರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ. ಬಿದ್ದಾಗ ಒಳಗೆ ನೀರು ನುಗ್ಗುವುದನ್ನು ಅದೇ ತಡೆಯುವುದು. ಹೆಜ್ಜೆ ಎತ್ತಿ ಇಡಬೇಡಿ, ಪಾದ ಜಾರಿಸುತ್ತಾ ಹೋಗಿ. ಒಂದು ಕಾಲು ಊರಿದ ಮೇಲೆ ಇನ್ನೊಂದು.

ಬೂಟಿನ ಅಡಿ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಇದ್ದರೆ ಜಾರುವುದಿಲ್ಲ ಅಂತ ಮಾರುತ್ತಾರೆ. ಅದು ಒಣಗುವುದೇ ಇಲ್ಲ, ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತದೆ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಅನ್ನುವ ಪಾಚಿ ಕಂಡಿತು, 2008ರಲ್ಲಿ ಫೆಲ್ಟ್ ಬೂಟನ್ನೇ ನಿಷೇಧಿಸಿದರು. ರಬ್ಬರ್ ತಗೊಳ್ಳಿ. ಹೊಳೆ ಬದಲಿಸುವಾಗ ತೊಳೆದು ಪೂರ್ತಿ ಒಣಗಿಸಿ.

ಬೆಳ್ಳಕ್ಕಿ

ಮೀನು ವಾಪಸ್ ಬಿಡುವವರಾದರೆ ಇಕ್ಕಳದಿಂದ ಕೊಕ್ಕೆಯ ಮುಳ್ಳನ್ನು ಮೊದಲೇ ಚಪ್ಪಟೆ ಮಾಡಿ. ಬಿಡಿಸುವುದು ಸುಲಭ, ನಿಮ್ಮ ಕಿವಿಗೆ ಚುಚ್ಚಿದಾಗಲೂ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಒಣಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಫೋಟೊ ಬೇಕಿದ್ದರೆ ಕ್ಯಾಮೆರಾ ರೆಡಿ ಆಗುವವರೆಗೆ ಮೀನು ನೀರಲ್ಲೇ ಇರಲಿ. ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ನೀರು 20 ಡಿಗ್ರಿ ದಾಟಿದರೆ ಟ್ರೌಟ್ ತಂಟೆಗೆ ಹೋಗಬೇಡಿ. ಬಿಸಿನೀರಲ್ಲಿ ಆಮ್ಲಜನಕ ಕಮ್ಮಿ, ಸೆಣಸಿ ಸುಸ್ತಾದ ಮೀನು ಬಿಟ್ಟ ಮೇಲೂ ಸಾಯುತ್ತದೆ.

ಹೊಸಗಾಳ

ಕೆರೆಯಿಂದಲೇ ಶುರು ಮಾಡುತ್ತೇನೆ. ಎಲ್ಕ್ ಹೇರ್ ಕ್ಯಾಡಿಸ್, ಫೆಸೆಂಟ್ ಟೇಲ್ ಎರಡನ್ನೂ ತರಿಸಿದ್ದೇನೆ. ಕೊನೆಯ ಪ್ರಶ್ನೆ. ನೀರಲ್ಲಿ ಉಂಗುರ ಎದ್ದರೆ ಮೀನು ಮೇಲಿನದನ್ನು ತಿಂತಾ, ಒಳಗಿನದನ್ನಾ ಅಂತ ಹೇಗೆ ಗೊತ್ತಾಗುತ್ತದೆ?

ಹಳೇರೀಲ್

ಉಂಗುರದ ನಡುವೆ ಗುಳ್ಳೆ ಉಳಿಯಿತಾ ನೋಡಿ. ಮೇಲಿನ ಹುಳವನ್ನು ಹೀರುವಾಗ ಜೊತೆಗೆ ಗಾಳಿಯೂ ಬಾಯಿಗೆ ಹೋಗುತ್ತದೆ, ಅದು ಕಿವಿರಿನಿಂದ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ಇದ್ದರೆ ಕ್ಯಾಡಿಸ್ ಹಾಕಿ.

ನೀರುನಾಯಿ

ಗುಳ್ಳೆ ಇಲ್ಲ, ಬೆನ್ನಿನ ರೆಕ್ಕೆ ಮಾತ್ರ ಕಂಡು ಮುಳುಗಿತು ಅಂದರೆ ಮೇಲ್ಮೈಗೆ ಬರುತ್ತಿರುವ ನಿಂಫನ್ನು ತಿನ್ನುತ್ತಿದೆ. ಫೆಸೆಂಟ್ ಟೇಲ್ ಕಟ್ಟಿ, ಅರ್ಧ ಅಡಿ ಮುಳುಗಲು ಬಿಟ್ಟು, ಎಡಗೈಯಲ್ಲಿ ಲೈನನ್ನು ಬೆರಳಿನಷ್ಟು ಬೆರಳಿನಷ್ಟೇ ಎಳೆಯಿರಿ. ಲೈನಿನ ತುದಿ ಅಲುಗಿದರೆ ಕಾಯಬೇಡಿ, ರಾಡ್ ಎತ್ತಿ.